ವಿದ್ಯಾರ್ಥಿ ನೆರವು ಮತ್ತು ಶಿಕ್ಷಣ ಮಾರ್ಗದರ್ಶನ: ಕರ್ನಾಟಕದ ಇತಿಹಾಸ

ಪ್ರೌಢಶಾಲೆ ಅಥವಾ ಪದವಿಪೂರ್ವ ತರಗತಿ ಮುಗಿಸಿದ ವಿದ್ಯಾರ್ಥಿಗೆ ಮುಂದೇನು ಓದಬೇಕು, ಯಾವ ವೃತ್ತಿ ಹಿಡಿಯಬೇಕು, ಓದಿನ ಖರ್ಚನ್ನು ಹೇಗೆ ಭರಿಸಬೇಕು ಎಂಬ ವಿಷಯಗಳಲ್ಲಿ ದೊರೆಯುವ ಸಹಾಯ ಮತ್ತು ಸಲಹೆಗಳ ವ್ಯವಸ್ಥೆ. ಕರ್ನಾಟಕದಲ್ಲಿ ಇದರ ಎರಡು ಎಳೆಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಬೇರೆ ಬೇರೆ ವೇಗದಲ್ಲಿ ಬೆಳೆದಿವೆ. ಊಟ, ವಸತಿ, ಶುಲ್ಕ, ವಿದ್ಯಾರ್ಥಿವೇತನಗಳ ರೂಪದ ನೆರವಿಗೆ ನೂರು ವರ್ಷಕ್ಕೂ ಮೀರಿದ ಸಂಘಟಿತ ಇತಿಹಾಸವಿದೆ. ಶಾಲೆಯೊಳಗಿನ ವೃತ್ತಿ ಮಾರ್ಗದರ್ಶನದ ಕಲ್ಪನೆ 1950ರ ದಶಕದಲ್ಲಿ ಬಂದದ್ದು. ಅದು ಇಂದಿಗೂ ಪೂರ್ಣವಾಗಿ ನೆಲೆಯೂರಿಲ್ಲ.

ವಾರಾನ್ನ ಮತ್ತು ಮಠಗಳು

ಹೈಸ್ಕೂಲು, ಕಾಲೇಜುಗಳು ಕೆಲವೇ ಪಟ್ಟಣಗಳಲ್ಲಿದ್ದ ಕಾಲದಲ್ಲಿ ಹಳ್ಳಿಯ ಹುಡುಗನಿಗೆ ಓದಿನ ಮೊದಲ ಅಡ್ಡಿ ಊಟ ಮತ್ತು ಇರುವ ಜಾಗದ್ದಾಗಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನದ ಪದ್ಧತಿಯಲ್ಲಿ ಅನೇಕರು ಓದು ಮುಗಿಸಿದರು. ಈ ಪದ್ಧತಿ ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗಷ್ಟೇ ಒದಗುತ್ತಿತ್ತು. ಉಳಿದ ಜಾತಿಗಳ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅದರ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಮನೆಪಾಠ ಹೇಳಿ ಖರ್ಚು ತೂಗಿಸುವುದು ಇನ್ನೊಂದು ದಾರಿ. ಎಂ. ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಅವರಿಗೆ ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಠಗಳು ಮತ್ತು ದಾನಿಗಳು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡರು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಗಿ, ಪ್ರಯಾಣಿಕರ ಜೊತೆಗೆ ವಿದ್ಯಾರ್ಥಿಗಳಿಗೂ ಆಸರೆಯಾಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭಿಸಿದರು. ಅವರ ನಂತರ 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿನ ಉಚಿತ ಪ್ರಸಾದ ನಿಲಯ ಎಲ್ಲ ಜಾತಿಗಳ ಸಾವಿರಾರು ಮಕ್ಕಳಿಗೆ ಮನೆಯಾಗಿ ಬೆಳೆಯಿತು. ಸುತ್ತೂರು ಮಠವೂ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿ ನಿಲಯದಿಂದ ಆರಂಭಿಸಿ, ಮುಂದೆ ಜೆ.ಎಸ್.ಎಸ್. ಮಹಾವಿದ್ಯಾಪೀಠವನ್ನು ಕಟ್ಟಿತು.

ಸಮುದಾಯ ಸಂಸ್ಥೆಗಳು

ಇದೇ ಅವಧಿಯಲ್ಲಿ ಜಾತಿ ಮತ್ತು ಸಮುದಾಯಗಳ ಆಧಾರದ ಮೇಲೆ ಶಿಕ್ಷಣ ನಿಧಿಗಳು ಹುಟ್ಟಿದವು. ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲೇ ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆ ನಿಧಿಯೊಂದು ಏರ್ಪಟ್ಟಿತ್ತು. ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ಆಸ್ತಿಯಿಂದ ನಡೆದ ನವಲಗುಂದ–ಸಿರಸಂಗಿ ಟ್ರಸ್ಟಿನ ಸಹಾಯದಿಂದ ಉತ್ತರ ಕರ್ನಾಟಕದ ಅನೇಕರು ಉನ್ನತ ಶಿಕ್ಷಣ ಪಡೆದರು. ಒಕ್ಕಲಿಗರ ಸಂಘ 1906ರಲ್ಲಿ ಬೆಂಗಳೂರಿನಲ್ಲೂ, ಏಳು ಮಂದಿ ಶಿಕ್ಷಕರ ಶ್ರಮದಿಂದ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಬೆಳಗಾವಿಯಲ್ಲೂ ಸ್ಥಾಪನೆಯಾದವು. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು 1897ರಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್, ಯಾವ ಛತ್ರಕ್ಕೂ ಸೇರಿಸಿಕೊಳ್ಳದ ದಲಿತ ಮಕ್ಕಳ ಓದು ಮತ್ತು ಕಸುಬಿನ ತರಬೇತಿಗೆ ತೊಡಗಿತು.

ಈ ಸಂಸ್ಥೆಗಳು ಹಣ, ವಸತಿಗಳ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದವು. ಹಾಸ್ಟೆಲಿನಲ್ಲಿದ್ದ ಹಿರಿಯ ವಿದ್ಯಾರ್ಥಿ, ವಾರ್ಡನ್ ಮತ್ತು ಸಂಘದ ಪದಾಧಿಕಾರಿಗಳೇ ಹೊಸಬರಿಗೆ ಯಾವ ಕೋರ್ಸು, ಯಾವ ಕಾಲೇಜು, ಯಾವ ನೌಕರಿ ಎಂದು ದಾರಿ ತೋರಿಸುತ್ತಿದ್ದರು. ಅಂದಿನ ಮಾರ್ಗದರ್ಶನ ಎಂದರೆ ಬಲ್ಲವರ ಮಾತು. ಮೇಷ್ಟರ ಒಂದು ಸಲಹೆ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಕುವೆಂಪು ನಿದರ್ಶನ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದ್ದ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದ್ದು ಗುರು ಟಿ.ಎಸ್. ವೆಂಕಣ್ಣಯ್ಯನವರ ಒತ್ತಾಸೆಯಿಂದ. ಆದರೆ ಬಲ್ಲವರ ಬಳಗವಿಲ್ಲದ ಮನೆಯ ಮಕ್ಕಳಿಗೆ ಇಂಥ ಮಾತು ಕಿವಿಗೆ ಬೀಳುವ ಸಂಭವವೇ ಕಡಿಮೆಯಿತ್ತು.

ಮೈಸೂರು ಸಂಸ್ಥಾನ

ನೆರವನ್ನು ದಾನದ ನೆಲೆಯಿಂದ ಸರ್ಕಾರದ ನೀತಿಯ ನೆಲೆಗೆ ತಂದದ್ದರಲ್ಲಿ ಮೈಸೂರು ಸಂಸ್ಥಾನದ ಪಾಲು ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. 1919ರಲ್ಲಿ ವರದಿ ಒಪ್ಪಿಸಿದ ಸಮಿತಿ, ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡಬೇಕೆಂಬುದರ ಜೊತೆಗೆ ಅವರ ಶಿಕ್ಷಣಕ್ಕೆ ವಿದ್ಯಾರ್ಥಿವೇತನ, ಹಾಸ್ಟೆಲ್ ಸೌಲಭ್ಯಗಳನ್ನು ಹೆಚ್ಚಿಸಬೇಕೆಂದೂ ಹೇಳಿತು. ಅದರ ಬಹುಪಾಲು ಶಿಫಾರಸುಗಳನ್ನು ಸರ್ಕಾರ 1921ರಲ್ಲಿ ಜಾರಿಗೆ ತಂದಿತು. ನೌಕರಿಯ ಮೀಸಲಾತಿಗಿಂತ ಶಿಕ್ಷಣದ ವಿಸ್ತರಣೆಯೇ ಮೊದಲಾಗಬೇಕೆಂದು ನಂಬಿದ್ದ ದಿವಾನ ವಿಶ್ವೇಶ್ವರಯ್ಯನವರು ಈ ಭಿನ್ನಾಭಿಪ್ರಾಯದ ನಡುವೆ 1918ರ ಕೊನೆಯಲ್ಲಿ ಅಧಿಕಾರ ಬಿಟ್ಟರು. ಯಾರಿಗೆ, ಯಾವ ಆಧಾರದ ಮೇಲೆ ನೆರವು ಕೊಡಬೇಕು ಎಂಬ ಚರ್ಚೆ ನಾಡಿನಲ್ಲಿ ಅಲ್ಲಿಂದೀಚೆಗೆ ನಿಂತಿಲ್ಲ.

ಸ್ವಾತಂತ್ರ್ಯಾನಂತರದ ವಿದ್ಯಾರ್ಥಿವೇತನಗಳು

ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ 1944ರಲ್ಲಿ ಆರಂಭಿಸಿತು. ಆಗ ಬಿ.ಆರ್. ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಅವರೇ 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದವರು. ಸ್ವಾತಂತ್ರ್ಯಾನಂತರ ಈ ಯೋಜನೆ ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. 1956ರಲ್ಲಿ ಏಕೀಕೃತ ರಾಜ್ಯ ರೂಪುಗೊಂಡಾಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಮತ್ತು ಕೊಡಗಿನ ಬೇರೆ ಬೇರೆ ಪದ್ಧತಿಗಳು ಒಂದೇ ಆಡಳಿತದ ಕೆಳಗೆ ಬಂದವು.

ದೇವರಾಜ ಅರಸು ಸರ್ಕಾರ 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ನೀಡಿತು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಕಾಲೇಜು ಪ್ರವೇಶದಲ್ಲಿ ಮೀಸಲಾತಿ, ಸರ್ಕಾರಿ ಹಾಸ್ಟೆಲು ಮತ್ತು ಶುಲ್ಕ ವಿನಾಯಿತಿಗಳು ವ್ಯವಸ್ಥಿತವಾಗಿ ಬೆಳೆದದ್ದು ಆ ಬಳಿಕ. ಮೆಟ್ರಿಕ್ ಪೂರ್ವ ಮತ್ತು ಮೆಟ್ರಿಕ್ ನಂತರದ ಸರ್ಕಾರಿ ವಿದ್ಯಾರ್ಥಿ ನಿಲಯಗಳು ತಾಲ್ಲೂಕು ಕೇಂದ್ರಗಳವರೆಗೆ ಹರಡಿದವು. ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಬಂದ ವಿದ್ಯಾಸಿರಿ ಯೋಜನೆ, ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ–ವಸತಿ ವೆಚ್ಚ ಕೊಟ್ಟಿತು. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ ಪಿ.ಯು., ಐ.ಟಿ.ಐ. ಹುಡುಗರಿಗೆ 2,500 ರೂಪಾಯಿಯಿಂದ ಹಿಡಿದು ಎಂಜಿನಿಯರಿಂಗ್, ವೈದ್ಯಕೀಯ ಓದುವ ಹುಡುಗಿಯರಿಗೆ 11,000 ರೂಪಾಯಿವರೆಗೆ ವಾರ್ಷಿಕ ನೆರವು ನಿಗದಿಯಾಯಿತು.

ಪ್ರತಿಭೆಯ ಆಧಾರದ ಯೋಜನೆಗಳದು ಬೇರೊಂದು ಧಾರೆ. 1999ರಲ್ಲಿ ಆರಂಭವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 2022ರಲ್ಲಿ ಅದು ಇನ್‌ಸ್ಪೈರ್ ಯೋಜನೆಯಲ್ಲಿ ವಿಲೀನವಾಯಿತು. 2008ರಿಂದ ನಡೆದಿರುವ ರಾಷ್ಟ್ರೀಯ ಸಾಧನೆ ಹಾಗೂ ಪ್ರತಿಭಾ ವಿದ್ಯಾರ್ಥಿವೇತನ (ಎನ್.ಎಂ.ಎಂ.ಎಸ್.) ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಗೆದ್ದ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ಸಿಗುತ್ತದೆ. ಈಗ ಅದರ ಮೊತ್ತ ವರ್ಷಕ್ಕೆ 12,000 ರೂಪಾಯಿ.

ಶಾಲೆಯೊಳಗಿನ ಮಾರ್ಗದರ್ಶನ

ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ (1952–53) ಹಲವು ಬಗೆಯ ಪಠ್ಯವಿಷಯಗಳಿರುವ ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. ಆಯ್ಕೆಗಳು ಹೆಚ್ಚಿದಾಗ ಆಯ್ದುಕೊಳ್ಳಲು ನೆರವೂ ಬೇಕಾಗುತ್ತದೆಂದು ಶಾಲಾ ಮಾರ್ಗದರ್ಶನಕ್ಕೂ ಒತ್ತು ಕೊಟ್ಟಿತು. 1954ರಲ್ಲಿ ದೆಹಲಿಯಲ್ಲಿ ಕೇಂದ್ರ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನ ಬ್ಯೂರೊ ಸ್ಥಾಪನೆಯಾಯಿತು. ಮುಂದೆ ಅದು 1961ರಲ್ಲಿ ಹುಟ್ಟಿದ ಎನ್.ಸಿ.ಇ.ಆರ್.ಟಿ.ಯ ಭಾಗವಾಯಿತು. ಕೊಠಾರಿ ಆಯೋಗ (1964–66) ದೇಶದ ಹಣಕಾಸಿನ ಮಿತಿಯನ್ನು ಅರಿತು, ಹತ್ತು ಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ ಎಂದಿತು. ಅಷ್ಟು ಸಣ್ಣ ಗುರಿಯೂ ವ್ಯಾಪಕವಾಗಿ ಈಡೇರಲಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್.ಸಿ.ಇ.ಆರ್.ಟಿ.ಯ ಮಾರ್ಗದರ್ಶನ ಮತ್ತು ಆಪ್ತಸಲಹೆ ಡಿಪ್ಲೊಮಾದ ಕೇಂದ್ರಗಳಲ್ಲಿ ಒಂದಾಗಿ ಶಿಕ್ಷಕರಿಗೆ ತರಬೇತಿ ಕೊಟ್ಟಿದೆ. ವಿಶ್ವವಿದ್ಯಾಲಯಗಳ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳು ಪದವೀಧರರಿಗೆ ಒದಗಿದವು. ಹಳ್ಳಿಯ ಹೈಸ್ಕೂಲನ್ನು ಅವು ಮುಟ್ಟಲಿಲ್ಲ.

ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದವರು ಶಿಕ್ಷಕರು ಮತ್ತು ಪತ್ರಿಕೆಗಳು. ಎಸ್ಸೆಸ್ಸೆಲ್ಸಿ, ಪಿ.ಯು. ಫಲಿತಾಂಶದ ಹೊತ್ತಿಗೆ ಕನ್ನಡ ದಿನಪತ್ರಿಕೆಗಳು ಕೋರ್ಸು, ಕಾಲೇಜುಗಳ ಪರಿಚಯ ಮತ್ತು ಪ್ರಶ್ನೋತ್ತರ ಅಂಕಣಗಳನ್ನು ಪ್ರಕಟಿಸುವುದು ವಾಡಿಕೆಯಾಯಿತು. ‘ಪ್ರಜಾವಾಣಿ’ ಮತ್ತು ‘ಡೆಕ್ಕನ್ ಹೆರಾಲ್ಡ್’ ಬಳಗದ ‘ಜ್ಞಾನದೇಗುಲ’ದಂಥ ಮೇಳಗಳು ಪೋಷಕರಿಗೆ ಪ್ರವೇಶ ಪ್ರಕ್ರಿಯೆಯನ್ನು ವಿವರಿಸುವ ವೇದಿಕೆಗಳಾದವು.

ಸೀಟು, ಶುಲ್ಕ ಮತ್ತು ಸಿ.ಇ.ಟಿ.

ಖಾಸಗಿ ವೃತ್ತಿಶಿಕ್ಷಣದ ಬೆಳವಣಿಗೆ ಈ ಕ್ಷೇತ್ರದ ಸ್ವರೂಪವನ್ನೇ ಬದಲಿಸಿತು. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದ ಬಳಿಕ, ರಾಜ್ಯದಲ್ಲಿ ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಹೆಚ್ಚುತ್ತ ಹೋದವು. 1970 ಮತ್ತು 1980ರ ದಶಕಗಳಲ್ಲಿ ಡೊನೇಷನ್ ಎಂಬ ಹೆಸರಿನ ಕ್ಯಾಪಿಟೇಶನ್ ಶುಲ್ಕ ಮನೆಮಾತಾಯಿತು. ಅದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1984ರಲ್ಲಿ ತಂದಿತು. 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕ ಗೊತ್ತುಪಡಿಸಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ ಶಿಕ್ಷಣ ಮೂಲಭೂತ ಹಕ್ಕೆಂದು ಹೇಳಿ, ಇಂಥ ಶುಲ್ಕವನ್ನು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಶಿಕ್ಷಣಕ್ಕೆ ಸೀಮಿತಗೊಳಿಸಿ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧ ‘ಫ್ರೀ ಸೀಟು’, ಅರ್ಧ ‘ಪೇಮೆಂಟ್ ಸೀಟು’ ಎಂಬ ಏರ್ಪಾಡು ಮಾಡಿತು.

ಇದರ ಬೆನ್ನಲ್ಲೇ 1994ರಲ್ಲಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿ.ಇ.ಟಿ.) ಘಟಕ ಕೆಲಸ ಆರಂಭಿಸಿತು. ಅದೇ ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದು ಪರೀಕ್ಷೆ, ಒಂದು ರ‍್ಯಾಂಕ್ ಪಟ್ಟಿ, ಎಲ್ಲರೆದುರು ಸೀಟು ಹಂಚಿಕೆ ಎಂಬ ಕ್ರಮದಿಂದ ಸಾಮಾನ್ಯ ಮನೆಗಳ ಮಕ್ಕಳಿಗೆ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ದಾರಿ ತೆರೆಯಿತು. ಮೊದಮೊದಲು ಅಭ್ಯರ್ಥಿಗಳು ಕೌನ್ಸೆಲಿಂಗಿಗೆಂದು ಖುದ್ದಾಗಿ ಬೆಂಗಳೂರಿಗೆ ಬರಬೇಕಿತ್ತು. ಈಗ ಆಯ್ಕೆಗಳನ್ನು ಆನ್‌ಲೈನಿನಲ್ಲೇ ದಾಖಲಿಸುತ್ತಾರೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಒಂದರಿಂದ ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟುಗಳ ಮೀಸಲಾತಿ ಇದೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳು ಮೀಸಲಾದವು.

ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಉನ್ನಿಕೃಷ್ಣನ್ ಏರ್ಪಾಡನ್ನು ಕೈಬಿಟ್ಟಿತು. ಖಾಸಗಿ ಕಾಲೇಜುಗಳು 2004ರಲ್ಲಿ ಕಾಮೆಡ್-ಕೆ ಒಕ್ಕೂಟ ಕಟ್ಟಿಕೊಂಡು ತಮ್ಮದೇ ಪರೀಕ್ಷೆ ನಡೆಸತೊಡಗಿದವು. ವೈದ್ಯಕೀಯ ಪ್ರವೇಶ ಮುಂದೆ ನೀಟ್ ಪರೀಕ್ಷೆಯ ಪಾಲಾಯಿತು. ಸರ್ಕಾರಿ ಕೋಟಾ, ಆಡಳಿತ ಮಂಡಳಿ ಕೋಟಾ, ಶುಲ್ಕ ವಿನಾಯಿತಿಯ ಹೆಚ್ಚುವರಿ ಸೀಟು (ಎಸ್.ಎನ್.ಕ್ಯು.) ಎಂದು ಒಂದೇ ತರಗತಿಯಲ್ಲಿ ಕುಳಿತವರ ಶುಲ್ಕಗಳು ಬೇರೆಬೇರೆಯಾದವು. ಅಂಕ ಗಳಿಸಿದರೆ ಸಾಲದು, ನಿಯಮವನ್ನೂ ಬಲ್ಲವರಾಗಿರಬೇಕು ಎಂಬ ಸ್ಥಿತಿ ಬಂತು.

ಶಿಕ್ಷಣ ಸಾಲ

ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಯೋಜನೆಯಿಂದ ಶಿಕ್ಷಣ ಸಾಲ ವ್ಯಾಪಕವಾಯಿತು. ನಾಲ್ಕು ಲಕ್ಷ ರೂಪಾಯಿವರೆಗೆ ಆಸ್ತಿಯ ಅಡಮಾನ ಬೇಡವೆಂಬುದು ಅದರ ಮುಖ್ಯ ಅಂಶ. ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ಕುಟುಂಬಗಳ ವಿದ್ಯಾರ್ಥಿಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಲ್ಲಿ ಬಂತು. ಅದರ ನೋಡಲ್ ಬ್ಯಾಂಕು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೆನರಾ ಬ್ಯಾಂಕ್. ಹಲವು ಬ್ಯಾಂಕುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವಿದ್ಯಾಲಕ್ಷ್ಮಿ ಪೋರ್ಟಲ್ 2015ರಲ್ಲಿ ಆರಂಭವಾಯಿತು. ಸಿ.ಇ.ಟಿ. ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವವರಿಗೆ ರಾಜ್ಯದ ಅಭಿವೃದ್ಧಿ ನಿಗಮಗಳು ‘ಅರಿವು’ ಯೋಜನೆಯಡಿ ಸಾಲ ಕೊಡುತ್ತವೆ.

ಪೋರ್ಟಲ್ ಯುಗ

ಇಲಾಖೆಗೊಂದರಂತೆ ಇದ್ದ ಅರ್ಜಿಗಳನ್ನು ಒಂದುಗೂಡಿಸಲು ರಾಜ್ಯ ಸರ್ಕಾರ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲನ್ನು (ಎಸ್.ಎಸ್.ಪಿ.) 2019ರ ಹೊತ್ತಿಗೆ ಬಳಕೆಗೆ ತಂದಿತು. ಹಣ ಈಗ ಮಧ್ಯವರ್ತಿಗಳಿಲ್ಲದೆ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಆದರೆ ಅದು ಬರಬೇಕಾದರೆ ಜಾತಿ–ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಚಾಲ್ತಿಯಲ್ಲಿರಬೇಕು, ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಹೊಂದಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ದಾಖಲೆಗಳ ಇ-ಅಟೆಸ್ಟೇಷನ್ (ಆನ್‌ಲೈನ್ ದೃಢೀಕರಣ) ಮುಗಿದಿರಬೇಕು. ಹೆಸರಿನ ಇನಿಷಿಯಲ್ ಒಂದು ಹೆಚ್ಚುಕಡಿಮೆಯಾದರೂ ಅರ್ಜಿ ನಿಂತುಬಿಡುತ್ತದೆ. ಹೀಗಾಗಿ ಹಿಂದೆ ಹಾಸ್ಟೆಲ್ ವಾರ್ಡನ್ ಮತ್ತು ಹಿರಿಯ ವಿದ್ಯಾರ್ಥಿ ನಿರ್ವಹಿಸುತ್ತಿದ್ದ ಪಾತ್ರದ ಒಂದು ಪಾಲು ನಾಡಕಚೇರಿ, ಸೈಬರ್ ಸೆಂಟರ್ ಮತ್ತು ಗ್ರಾಮ ಒನ್ ಕೇಂದ್ರಗಳಿಗೆ ದಾಟಿದೆ. ಅವು ಅರ್ಜಿ ತುಂಬಿಕೊಡುತ್ತವೆ. ಯಾವ ಓದು ತನಗೆ ಹೊಂದುತ್ತದೆ ಎಂಬ ವಿದ್ಯಾರ್ಥಿಯ ಪ್ರಶ್ನೆ ಅವುಗಳ ವ್ಯಾಪ್ತಿಗೆ ಸೇರಿದ್ದಲ್ಲ.

ಮೌಲ್ಯಮಾಪನ

ನೂರಿಪ್ಪತ್ತು ವರ್ಷಗಳಲ್ಲಿ ವಿದ್ಯಾರ್ಥಿ ನೆರವು ದಾನಿಯ ಔದಾರ್ಯದಿಂದ ಸಮುದಾಯದ ಹೊಣೆಗೆ, ಅಲ್ಲಿಂದ ಸರ್ಕಾರದ ಕರ್ತವ್ಯಕ್ಕೆ ಸಾಗಿಬಂದಿದೆ. ಜಾತಿಯ ಗೋಡೆಯೊಳಗೆ ಹುಟ್ಟಿದ ಹಲವು ಸಂಸ್ಥೆಗಳು ಮುಂದೆ ಎಲ್ಲರಿಗೂ ತೆರೆದುಕೊಂಡವು. ಹೆಣ್ಣುಮಕ್ಕಳು, ದಲಿತರು ಮತ್ತು ಹಿಂದುಳಿದ ವರ್ಗಗಳ ಮೊದಲ ತಲೆಮಾರಿನ ಪದವೀಧರರು ಬಂದದ್ದು ಬಹುಮಟ್ಟಿಗೆ ಹಾಸ್ಟೆಲು ಮತ್ತು ವಿದ್ಯಾರ್ಥಿವೇತನಗಳ ಬಲದಿಂದ. ಮಾರ್ಗದರ್ಶನ ಮಾತ್ರ ಈ ಬೆಳವಣಿಗೆಯ ಜೊತೆ ಹೆಜ್ಜೆ ಹಾಕಲಿಲ್ಲ. ಯೋಜನೆಗಳು ಹೆಚ್ಚಿದಂತೆ ಅವುಗಳ ನಿಯಮಗಳೂ ಹೆಚ್ಚಿ, ತಿಳಿಸಿ ಹೇಳುವವರ ಅಗತ್ಯ ದೊಡ್ಡದಾಯಿತು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದಕ್ಕೆಂದೇ ಪೂರ್ಣಾವಧಿಯ ಸಲಹೆಗಾರರು ಸಾಮಾನ್ಯವಾಗಿ ಇಲ್ಲದಿರುವುದರಿಂದ ಈ ಕೆಲಸ ಇಂದಿಗೂ ಪಾಠ ಮಾಡುವ ಶಿಕ್ಷಕರ ಹೆಗಲ ಮೇಲೆಯೇ ಇದೆ. ಹತ್ತು ಶಾಲೆಗೊಬ್ಬ ಸಲಹೆಗಾರ ಎಂಬ ಕೊಠಾರಿ ಆಯೋಗದ ಶಿಫಾರಸನ್ನು ಜಾರಿಗೆ ತರುವುದು ಈ ಕ್ಷೇತ್ರದಲ್ಲಿ ಉಳಿದಿರುವ ಮುಖ್ಯ ಕೆಲಸ.