‘ಹು’ ಎಂಬ ಒಂದಕ್ಷರ: ಚೀನಾ ತನ್ನದಾಗಿಸಿಕೊಂಡ ಪರದೇಶ

ಚೀನಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಹಾಗೋಡೆ; ಹೊರಗಿನದನ್ನೆಲ್ಲ ತಡೆದು ನಿಲ್ಲಿಸಿದ ನಾಡು ಎಂಬ ಭಾವನೆ. ಆದರೆ ಚೀನೀ ಭಾಷೆಯ ಪದಗಳೇ ಬೇರೆ ಕಥೆ ಹೇಳುತ್ತವೆ. ಅಲ್ಲಿನ ನಾಡ ಖಾರದ ಕಾಳಿಗೆ ‘ಜಿಯಾವೊ’ ಎಂದು ಹೆಸರು. ಭಾರತದ ಕರಿಮೆಣಸು ‘ಹು ಜಿಯಾವೊ’ ಆಯಿತು. ‘ಹು’ ಎಂದರೆ ಉತ್ತರ, ಪಶ್ಚಿಮ ಗಡಿಗಳಾಚೆಯ ಪರಕೀಯರು. ಇಂದು ಚೀನಾದ ಗುರುತೇ ಆಗಿರುವ, ಕಮಾನಿನಿಂದ ನುಡಿಸುವ ‘ಅರ್‌ಹು’ ವಾದ್ಯದ ಹೆಸರಿನಲ್ಲೂ ಅದೇ ‘ಹು’ ಅಡಗಿದೆ.

ಪಶ್ಚಿಮದ ದಾರಿ ತೆರೆದದ್ದು ಹಾನ್ ವಂಶದ ಕಾಲದಲ್ಲಿ. ಕ್ರಿ.ಪೂ. 138ರಲ್ಲಿ ಚಕ್ರವರ್ತಿ ವು ಕಳುಹಿಸಿದ ದೂತ ಜಾಂಗ್ ಚಿಯಾನ್, ಶತ್ರುಗಳ ಸೆರೆಯಲ್ಲಿ ವರ್ಷಗಟ್ಟಲೆ ಕಳೆದು ಕ್ರಿ.ಪೂ. 126ರಲ್ಲಿ ಮರಳಿದ. ಅವನ ನಂತರ ಹೋದ ದೂತರು ಮಧ್ಯ ಏಷ್ಯಾದಿಂದ ದ್ರಾಕ್ಷಿಯನ್ನೂ ಕುದುರೆ ಮಸಾಲೆ ಸೊಪ್ಪಿನ ಬೀಜವನ್ನೂ ತಂದರು.

ತಾಂಗ್ ವಂಶದ (ಕ್ರಿ.ಶ. 618–907) ರಾಜಧಾನಿ ಚಾಂಗ್ಆನ್‌ನಲ್ಲಿ ಮಧ್ಯ ಏಷ್ಯಾದ ಸಂಗೀತ, ನೃತ್ಯ, ಉಡುಪುಗಳಿಗೆ ಬಲು ಬೇಡಿಕೆ. 647ರಲ್ಲಿ ಚಕ್ರವರ್ತಿ ತೈಜೋಂಗ್, ಸಕ್ಕರೆ ಮಾಡುವ ವಿಧಾನ ಕಲಿಯಲು ಮಗಧಕ್ಕೇ ಜನರನ್ನು ಕಳುಹಿಸಿದ. ಕಲಿತ ವಿದ್ಯೆ ಅಲ್ಲಿ ಎಷ್ಟು ಬೆಳೆಯಿತೆಂದರೆ, ಹಿಂದಿಯಲ್ಲಿ ಸಕ್ಕರೆಗೆ ‘ಚೀನಿ’ ಎಂಬ ಹೆಸರೇ ನಿಂತಿದೆ!

ಈ ಸ್ವಾಗತ ಸದಾ ಹಾಗೆಯೇ ಉಳಿಯಲಿಲ್ಲ. 755ರಲ್ಲಿ ಸೊಗ್ದಿಯನ್ ಮೂಲದ ಸೇನಾಪತಿ ಆನ್ ಲೂಷಾನ್ ದಂಗೆಯೆದ್ದ. ಪರಕೀಯರೆಂದರೆ ಸಂಶಯ ಬೆಳೆಯಿತು. 845ರಲ್ಲಿ ಚಕ್ರವರ್ತಿ ವುಜೋಂಗ್ 4,600 ಬೌದ್ಧ ವಿಹಾರಗಳನ್ನು ಮುಚ್ಚಿಸಿ, ಎರಡೂವರೆ ಲಕ್ಷಕ್ಕೂ ಹೆಚ್ಚು ಭಿಕ್ಷು ಭಿಕ್ಷುಣಿಯರನ್ನು ಸಂಸಾರ ಜೀವನಕ್ಕೆ ಮರಳಿಸಿದ. ಆದರೂ ಬೌದ್ಧಧರ್ಮ ಅಳಿಯಲಿಲ್ಲ. ಮಧ್ಯ ಏಷ್ಯಾದಿಂದ ಬಂದ ‘ಪಿಪಾ’ ವಾದ್ಯವನ್ನೂ ಯಾರೂ ಕೆಳಗಿಡಲಿಲ್ಲ. ಅಡ್ಡಲಾಗಿ ಹಿಡಿದು ಕಡ್ಡಿಯಿಂದ ಮೀಟುತ್ತಿದ್ದುದನ್ನು ಮುಂದಿನ ಶತಮಾನಗಳಲ್ಲಿ ನೆಟ್ಟಗೆ ನಿಲ್ಲಿಸಿ ಬೆರಳುಗಳಿಂದ ನುಡಿಸತೊಡಗಿದರು. ರಾಜಾಜ್ಞೆಗಿಂತ ಬಳಕೆಯೇ ಬಲವಾಯಿತು.

ಇದಕ್ಕೆ ಉತ್ತಮ ನಿದರ್ಶನ ನೀಲಿ-ಬಿಳಿ ಪಿಂಗಾಣಿ. ಬಿಳಿಯ ಮಣ್ಣು ಜಿಂಗ್‌ದೆಝೆನ್ ಪಟ್ಟಣದ್ದು. ನೀಲಿ ಕೊಡುವ ಕೋಬಾಲ್ಟ್ ಅದಿರು ಪರ್ಶಿಯಾದ್ದು. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬಹುತೇಕ ಬಣ್ಣಗಳು ಕೆಡುತ್ತವೆ, ಕೋಬಾಲ್ಟಿನ ನೀಲಿ ಉಳಿಯುತ್ತದೆ. 1351ರ ದಿನಾಂಕವಿರುವ ಇಂಥ ಒಂದು ಜೋಡಿ ಹೂದಾನಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮುಂದೆ ಪರ್ಶಿಯಾದ ಕುಂಬಾರರೇ ಈ ಚೀನೀ ಮಾದರಿಯನ್ನು ಅನುಕರಿಸಿದರು.

ಹದಿನಾರನೆಯ ಶತಮಾನದ ಕೊನೆಗೆ ಅಮೆರಿಕ ಖಂಡದ ಮೆಣಸಿನಕಾಯಿ ಬಂದಾಗ ಚೀನೀಯರು ಅದನ್ನು ‘ಫಾನ್ ಜಿಯಾವೊ’, ಅಂದರೆ ಪರದೇಶದ ಮೆಣಸು, ಎಂದರು. ಮೊದಲು ಅದು ಅಂದಕ್ಕಾಗಿ ಬೆಳೆಸಿದ ಗಿಡ. ಇಂದು ಅದಿಲ್ಲದೆ ಸಿಚುವಾನ್, ಹುನಾನ್ ಪ್ರಾಂತ್ಯಗಳ ಅಡುಗೆಯೇ ಇಲ್ಲ. ಪೋರ್ಚುಗೀಸರ ಮೂಲಕ ಬಂದ ಅದೇ ಕಾಯಿಗೆ ನಾವೂ ನಮ್ಮ ‘ಮೆಣಸಿ’ನ ಹೆಸರನ್ನೇ ಕೊಟ್ಟೆವಲ್ಲವೇ? ವಿದ್ಯಾರ್ಥಿಗಳು ತಮ್ಮ ಮನೆಯ ಪದಾರ್ಥಗಳ ಹೆಸರುಗಳನ್ನು ಹೀಗೆಯೇ ಬಿಡಿಸಿ ನೋಡಬಹುದು. ಇತಿಹಾಸದ ಒಂದು ಪಾಠ ಅಡುಗೆಮನೆಯಲ್ಲೇ ಸಿಕ್ಕೀತು.