ಕಾಗೋಡಿನ ಗದ್ದೆಗಿಳಿದವರು

ಭದ್ರಾವತಿಯ ಜನ್ನಾಪುರದಲ್ಲಾಗಲಿ ಬೇರೆಲ್ಲೇ ಆಗಲಿ, ಖಾಲಿ ನಿವೇಶನದ ಬೇಲಿಯಲ್ಲಿ 'ಅತಿಕ್ರಮ ಪ್ರವೇಶ ಶಿಕ್ಷಾರ್ಹ' ಎಂಬ ಫಲಕ ಕಂಡರೆ ನಾವು ಹಿಂದೆ ಸರಿಯುತ್ತೇವೆ. ಆದರೆ ಬೇಲಿ ದಾಟಿದ ಮಾತ್ರಕ್ಕೆ ಅದು ಕ್ರಿಮಿನಲ್ ಅಪರಾಧವಾಗದು. 1860ರ ಭಾರತೀಯ ದಂಡ ಸಂಹಿತೆಯ 441ನೇ ಕಲಮಿನ ಪ್ರಕಾರ, ಒಳಹೊಕ್ಕವನಿಗೆ ಅಪರಾಧ ಎಸಗುವ ಅಥವಾ ಜಾಗದ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶವಿರಬೇಕಿತ್ತು. ಗಮನಿಸಿ, ಅಲ್ಲಿರುವ ಪದ ಒಡೆತನವಲ್ಲ, ಸ್ವಾಧೀನ. ಶಿಕ್ಷೆ 3 ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ದಂಡವನ್ನು 5,000ಕ್ಕೆ ಏರಿಸಿತು. ಮನೆಗೋ ಆರಾಧನಾಲಯಕ್ಕೋ ಹೀಗೆ ನುಗ್ಗಿದರೆ ಸೆರೆ 1 ವರ್ಷದವರೆಗೆ.

'ಸ್ವಾಧೀನ' ಎಂಬ ಪದದ ಭಾರವನ್ನು ಅದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡು ಅನುಭವಿಸಿದೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳದಲ್ಲಿ ದೀವರ ಗೇಣಿದಾರರು ಗದ್ದೆ ಕಳೆದುಕೊಂಡರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹೊತ್ತು ಅದೇ ಗದ್ದೆಗಿಳಿದವರನ್ನು ಪೊಲೀಸರು ಬಂಧಿಸಿದರು. ತಾವೇ ಉತ್ತ ನೆಲದಲ್ಲಿ ಅವರು ಅತಿಕ್ರಮಿಗಳು! ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಸೆರೆಯಾದರು.

ದೇವರಾಜ ಅರಸರ ಕಾಲದಲ್ಲಿ ಕಾನೂನೇ ತಿರುಗಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಜಮೀನನ್ನು ಸರ್ಕಾರಕ್ಕೆ ವಹಿಸಿ, ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ತನ್ನ ಉಳುಮೆಯನ್ನು ರುಜುವಾತುಪಡಿಸಿದ ಗೇಣಿದಾರನ ಹೆಸರಿಗೆ ಅದನ್ನು ನೋಂದಾಯಿಸಲು ದಾರಿ ಮಾಡಿತು.