ಕೇರಳದಲ್ಲಿ ಸಮನ್ವಯ ಶಿಕ್ಷಣ ಮತ್ತು ಗುಂಪು ಕಲಿಕೆ

ವಿಶೇಷ ಅಗತ್ಯವುಳ್ಳ ಮಕ್ಕಳು ಸಾಮಾನ್ಯ ತರಗತಿಯಲ್ಲೇ ಸಹಪಾಠಿಗಳೊಂದಿಗೆ ಸಣ್ಣ ಗುಂಪುಗಳಲ್ಲಿ ಕಲಿಯುವ ಪದ್ಧತಿ ಕೇರಳದಲ್ಲಿ ಎರಡು ಧಾರೆಗಳಿಂದ ಬೆಳೆಯಿತು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುವ ಯೋಜನೆಗಳು ಒಂದು. ಚಟುವಟಿಕೆ ಆಧಾರಿತ ಪಠ್ಯಕ್ರಮ ಇನ್ನೊಂದು.

ಮೊದಲ ಧಾರೆಗೆ ಬುನಾದಿ ಹಾಕಿದ್ದು ಕೇಂದ್ರ ಸರ್ಕಾರ 1974ರಲ್ಲಿ ಆರಂಭಿಸಿದ ಅಂಗವಿಕಲ ಮಕ್ಕಳ ಸಂಯೋಜಿತ ಶಿಕ್ಷಣ (ಐಇಡಿಸಿ) ಯೋಜನೆ. ಪುಸ್ತಕ, ಸಮವಸ್ತ್ರ, ಪ್ರಯಾಣ, ಸಾಧನ ಸಲಕರಣೆಗಳಿಗೆ ಅದು ನೆರವು ನೀಡಿತು. ಆದರೆ ಪಾಠದ ರೀತಿ ಬದಲಾಗಲಿಲ್ಲ. ಮಗುವೇ ಶಾಲೆಗೆ ಹೊಂದಿಕೊಳ್ಳಬೇಕಿತ್ತು. ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕೆಂಬ ನಿಲುವಿಗೆ ವಿಶೇಷ ಅಗತ್ಯಗಳ ಶಿಕ್ಷಣ ಕುರಿತ 1994ರ ಸಾಲಮಾಂಕಾ ಘೋಷಣೆ ಬಲ ಕೊಟ್ಟಿತು. 1995ರ ಅಂಗವಿಕಲರ ಕಾಯ್ದೆ ಮತ್ತು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆ ಭಾರತದಲ್ಲಿ ಇದಕ್ಕೆ ಕಾನೂನಿನ ಆಸರೆಯಾದವು.

ಎರಡನೆಯ ಧಾರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಿಂದ (ಡಿಪಿಇಪಿ) ಹೊರಟಿತು. 1994ರಲ್ಲಿ ಕೇರಳದಲ್ಲಿ ಅದು ಮೊದಲು ಬಂದದ್ದು ಕಾಸರಗೋಡು, ವಯನಾಡು ಮತ್ತು ಮಲಪ್ಪುರಂ ಜಿಲ್ಲೆಗಳಿಗೆ. ಆ ದಶಕದ ಕೊನೆಯ ಹೊತ್ತಿಗೆ ಬಾಯಿಪಾಠದ ಜಾಗಕ್ಕೆ ಗುಂಪು ಚಟುವಟಿಕೆ ಬಂತು. ಒಡನಾಟದಲ್ಲೇ ಮಗು ಅರಿವನ್ನು ಕಟ್ಟಿಕೊಳ್ಳುತ್ತದೆ ಎಂಬ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿಯ ಚಿಂತನೆಗೆ 2007ರ ಕೇರಳ ಪಠ್ಯಕ್ರಮ ಚೌಕಟ್ಟು ಮನ್ನಣೆ ನೀಡಿತು.

ಗುಂಪಾಗಿ ಕೂರಿಸಿದ ಮಾತ್ರಕ್ಕೆ ಸಹಕಾರಿ ಕಲಿಕೆ ಆಗುವುದಿಲ್ಲ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರ ಪ್ರಕಾರ ಪರಸ್ಪರ ಅವಲಂಬನೆಯೂ ಪ್ರತಿಯೊಬ್ಬರ ಹೊಣೆಯೂ ಇದರ ಮುಖ್ಯ ಅಂಶಗಳು. ತೂಕದ ಪಾಠವನ್ನೇ ತೆಗೆದುಕೊಂಡರೆ, ಬರೆಯಲು ಕಷ್ಟಪಡುವ ಮಗು ತಕ್ಕಡಿಯಲ್ಲಿ ಅಕ್ಕಿ ತೂಗುತ್ತದೆ, ಇನ್ನೊಬ್ಬರು ತೂಕದ ಕಲ್ಲುಗಳನ್ನು ಎಣಿಸುತ್ತಾರೆ, ಮತ್ತೊಬ್ಬರು ಲೆಕ್ಕ ಬರೆಯುತ್ತಾರೆ. ತೂಗುವವರು ಕೈಬಿಟ್ಟರೆ ಬರೆಯುವವರಿಗೆ ಕೆಲಸವಿಲ್ಲ. ಕೊನೆಗೆ ಉತ್ತರ ಹೇಳಲು ಶಿಕ್ಷಕರು ಯಾರನ್ನಾದರೂ ಕರೆಯಬಹುದಾದ್ದರಿಂದ ಗುಂಪಿನ ಎಲ್ಲರೂ ಪಾಠ ತಿಳಿದಿರಲೇಬೇಕು.

ಬ್ಲಾಕ್ ಸಂಪನ್ಮೂಲ ಕೇಂದ್ರಗಳ (ಬಿಆರ್‌ಸಿ) ವಿಶೇಷ ಶಿಕ್ಷಕರು ಶಾಲೆಗಳಿಗೆ ಹೋಗಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುತ್ತಾರೆ. ಶಾಲೆಗೆ ಬರಲಾಗದೆ ಹಾಸಿಗೆ ಹಿಡಿದ ಮಕ್ಕಳ ಮನೆಗೆ ಸಹಪಾಠಿಗಳೇ ಹೋಗುವ ‘ಚಙ್ಙಾತಿಕ್ಕೂಟ್ಟಂ’ (ಗೆಳೆಯರ ಕೂಟ) ಕಾರ್ಯಕ್ರಮ ಈ ಒಡನಾಟವನ್ನು ತರಗತಿಯಾಚೆಗೆ ಒಯ್ದಿದೆ. ಹಾಗೆಯೇ, 2024ರ ನವೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ರಾಜ್ಯ ಶಾಲಾ ಕ್ರೀಡಾಕೂಟದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೂ ಸ್ಪರ್ಧೆಗಳಿದ್ದವು. ಹಾಜರಿ ಪುಸ್ತಕದಲ್ಲಿ ಹೆಸರು ಸೇರಿದರೆ ಪ್ರವೇಶ ಮಾತ್ರ ಆಗುತ್ತದೆ. ತನ್ನ ಪಾಲಿನ ಕೆಲಸವಿಲ್ಲದೆ ಗುಂಪಿನ ಕೆಲಸ ಮುಗಿಯದು ಎಂಬಂತಾದಾಗಲೇ ಮಗು ತರಗತಿಗೆ ಸೇರಿದ್ದಾಗುತ್ತದೆ.